ಹೆಚ್.ವಿ.ಆರ್. ಅಯ್ಯಂಗಾರ್ ಅವರ ಜೀವನ ಹಾಗೂ ಠೇವಣಿ ವಿಮೆಯ ಆರಂಭ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಸಾಮಾಜಿಕ ಭದ್ರತಾ ಪಿಂಚಣಿ, ವಿದ್ಯಾರ್ಥಿ ವೇತನ, ಬೆಳೆ ಪರಿಹಾರ ಮುಂತಾದ ಸೌಲಭ್ಯಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರು ತಮ್ಮ ಬ್ಯಾಂಕ್ ಖಾತೆಯ ವಿವರಗಳನ್ನು ನೀಡಬೇಕಾಗಿರುವುದು ಸರ್ವವಿದಿತ. ಮಂಜೂರಾದ ಹಣವು ಆ ಖಾತೆಗೇ ಜಮೆಯಾಗುತ್ತದೆ. ಹೀಗೆ ಜಮೆಯಾದ ಹಣವನ್ನು ಇಟ್ಟುಕೊಂಡಿರುವ ಬ್ಯಾಂಕೇ ವಿಫಲವಾದರೆ ಖಾತೆದಾರರ ಗತಿಯೇನು ಎಂಬ ಪ್ರಶ್ನೆಗೆ ಇಂದು ಕಾನೂನಿನಲ್ಲಿ ಸ್ಪಷ್ಟ ಉತ್ತರವಿದೆ. 1962ಕ್ಕೆ ಮುನ್ನ ಅಂತಹ ಉತ್ತರವಿರಲಿಲ್ಲ. ಈ ಬದಲಾವಣೆ ಉಂಟಾದ ಕಾಲದಲ್ಲಿ ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದವರು ಶ್ರೀ ಹೆಚ್.ವಿ.ಆರ್. ಅಯ್ಯಂಗಾರ್. ದೊಡ್ಡ ಬ್ಯಾಂಕೊಂದನ್ನು ಉಳಿಸಬೇಕೇ, ಮುಚ್ಚಬೇಕೇ ಎಂಬ ಅತ್ಯಂತ ಕಠಿಣ ನಿರ್ಧಾರವನ್ನು ಕೈಗೊಳ್ಳಬೇಕಾಗಿ ಬಂದವರೂ ಅವರೇ. ಅವರ ಜೀವನ ಮತ್ತು ಸೇವೆಯ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಶ್ರೀಯುತರು 1902ರ ಆಗಸ್ಟ್ 23ರಂದು ಜನಿಸಿದರು. ಹರವು ವೆಂಕಟನರಸಿಂಹ ವರದರಾಜ ಅಯ್ಯಂಗಾರ್ ಎಂಬುದು ಅವರ ಪೂರ್ಣ ಹೆಸರು. ಭಾರತೀಯ ಸಿವಿಲ್ ಸೇವೆಗೆ ಆಯ್ಕೆಯಾದ ಅವರು ಸ್ವಾತಂತ್ರ್ಯಪೂರ್ವದ ಬೊಂಬಾಯಿ ಪ್ರಾಂತ್ಯದಲ್ಲಿ ಸೇವೆ ಸಲ್ಲಿಸಿ, ದೇಶವು ಸ್ವತಂತ್ರವಾಗುವ ಸಂಧಿಕಾಲಕ್ಕೆ ದೆಹಲಿಯ ಮಹತ್ವದ ಹುದ್ದೆಗಳಿಗೆ ಬಂದರು. 1946ರಲ್ಲಿ ಕಾರ್ಯಾರಂಭ ಮಾಡಿದ ಸಂವಿಧಾನ ರಚನಾ ಸಭೆಯ ಕಾರ್ಯದರ್ಶಿ ಸ್ಥಾನವು ಅವರದಾಗಿತ್ತು. ಅದೇ ಸಭೆಗೆ ಸಂವಿಧಾನ ಸಲಹೆಗಾರರಾಗಿದ್ದವರು ಮಂಗಳೂರಿನ ಸರ್ ಬೆನಗಲ್ ನರಸಿಂಗ ರಾವ್. ಅವರ ಸಹೋದರ ಸರ್ ಬೆನಗಲ್ ರಾಮ ರಾವ್ ಮುಂದೆ 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದರು.

ಸ್ವಾತಂತ್ರ್ಯಾನಂತರ ಅಯ್ಯಂಗಾರ್ ಅವರು ಪ್ರಧಾನಿ ಜವಾಹರಲಾಲ್ ನೆಹರೂ ಅವರ ಪ್ರಧಾನ ಖಾಸಗಿ ಕಾರ್ಯದರ್ಶಿಯಾದರು. 1947ರ ಡಿಸೆಂಬರಿನಲ್ಲಿ ಅಜ್ಮೀರದಲ್ಲಿ ಗಲಭೆಗಳಾದಾಗ ಪ್ರಧಾನಿಯವರು ತಮ್ಮ ಬದಲಿಗೆ ಅಯ್ಯಂಗಾರ್ ಅವರನ್ನು ಅಲ್ಲಿಗೆ ಕಳುಹಿಸಿದರು. ಗೃಹ ಖಾತೆಯನ್ನು ಹೊಂದಿದ್ದ ಸರ್ದಾರ್ ವಲ್ಲಭಭಾಯಿ ಪಟೇಲರು ಇದಕ್ಕೆ ಆಕ್ಷೇಪ ವ್ಯಕ್ತಪಡಿಸಿದರು. ಇಬ್ಬರು ಮಹಾನಾಯಕರ ನಡುವಿನ ಅಧಿಕಾರ ವ್ಯಾಪ್ತಿಯ ಚರ್ಚೆಗೆ ಅಧಿಕಾರಿಯೊಬ್ಬರ ಪ್ರವಾಸವು ನಿಮಿತ್ತವಾಯಿತು. ಇಂತಹ ಸಂದರ್ಭದಲ್ಲಿ ಸಿಲುಕಿದ ಅಧಿಕಾರಿಯ ಮುಂದಿನ ದಾರಿ ಸುಗಮವಾಗಿರುವುದು ವಿರಳ. ಆದರೆ 1948ರಲ್ಲಿ ಅಯ್ಯಂಗಾರ್ ಅವರೇ ಪಟೇಲರ ಗೃಹ ಮಂತ್ರಾಲಯದ ಕಾರ್ಯದರ್ಶಿಯಾದರು ಎಂಬುದು ಅವರ ನಿಷ್ಪಕ್ಷಪಾತ ನಡವಳಿಕೆಯ ಬಗ್ಗೆ ಇದ್ದ ವಿಶ್ವಾಸವನ್ನು ತೋರಿಸುತ್ತದೆ. ತರುವಾಯ ಅವರು ವಾಣಿಜ್ಯ ಮತ್ತು ಕೈಗಾರಿಕಾ ಮಂತ್ರಾಲಯದ ಕಾರ್ಯದರ್ಶಿಯಾಗಿಯೂ ಕಾರ್ಯನಿರ್ವಹಿಸಿದರು.

1955ರ ಜುಲೈ 1ರಂದು ಇಂಪೀರಿಯಲ್ ಬ್ಯಾಂಕ್ ಭಾರತೀಯ ಸ್ಟೇಟ್ ಬ್ಯಾಂಕ್ ಆಗಿ ಪರಿವರ್ತನೆಗೊಂಡಿತ್ತು. ಗ್ರಾಮೀಣ ಹಾಗೂ ಅರೆಪಟ್ಟಣ ಪ್ರದೇಶಗಳಿಗೆ ಬ್ಯಾಂಕ್ ಸೇವೆಯನ್ನು ಒಯ್ಯಲು ಐದು ವರ್ಷಗಳಲ್ಲಿ 400 ಶಾಖೆಗಳನ್ನು ತೆರೆಯುವ ಹೊಣೆಯನ್ನು ಕಾಯಿದೆಯೇ ಅದಕ್ಕೆ ವಹಿಸಿತ್ತು. ಡಾ. ಜಾನ್ ಮಥಾಯಿ ಅವರ ನಂತರ 1956ರಲ್ಲಿ ಅಯ್ಯಂಗಾರ್ ಅವರು ಇದರ ಅಧ್ಯಕ್ಷರಾದರು. 1957ರ ಮಾರ್ಚ್ 1ರಂದು ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿ ಅಧಿಕಾರ ವಹಿಸಿಕೊಂಡು 1962ರ ಫೆಬ್ರವರಿ 28ರವರೆಗೆ ಐದು ವರ್ಷ ಆ ಸ್ಥಾನದಲ್ಲಿದ್ದರು.

ಅಧಿಕಾರ ವಹಿಸಿಕೊಂಡ ಒಂದೇ ತಿಂಗಳಲ್ಲಿ, 1957ರ ಏಪ್ರಿಲ್ 1ರಂದು, ದಶಮಾಂಶ ನಾಣ್ಯ ಪದ್ಧತಿಯು ಜಾರಿಗೆ ಬಂದಿತು. ರೂಪಾಯಿಗೆ ಹದಿನಾರು ಆಣೆ ಎಂಬ ಲೆಕ್ಕ ಹೋಗಿ ನೂರು ನಯಾ ಪೈಸೆ ಎಂಬ ಲೆಕ್ಕ ಬಂದಿತು. ಸಂತೆ, ಮಂಡಿ, ಕಿರಾಣಿ ಅಂಗಡಿಗಳಲ್ಲಿ ಕೆಲವು ಕಾಲ ಎರಡೂ ಲೆಕ್ಕಗಳು ಒಟ್ಟೊಟ್ಟಿಗೆ ನಡೆದವು. ಎರಡನೆಯ ಪಂಚವಾರ್ಷಿಕ ಯೋಜನೆಯ ಆಮದುಗಳಿಂದಾಗಿ ವಿದೇಶಿ ವಿನಿಮಯ ನಿಧಿಯು ವೇಗವಾಗಿ ಕರಗುತ್ತಿದ್ದುದೂ ಇದೇ ಸಮಯದಲ್ಲಿ. 1957ರ ಅಕ್ಟೋಬರಿನಲ್ಲಿ ನೋಟುಗಳಿಗೆ ಆಧಾರವಾಗಿ ಇರಿಸಬೇಕಾದ ಕನಿಷ್ಠ ನಿಧಿಯನ್ನು 200 ಕೋಟಿ ರೂಪಾಯಿಗಳಿಗೆ ನಿಗದಿಪಡಿಸಲಾಯಿತು. ಇದರಲ್ಲಿ 115 ಕೋಟಿ ರೂಪಾಯಿ ಚಿನ್ನದ ರೂಪದಲ್ಲಿರಬೇಕಾಗಿತ್ತು.

ಸಾರ್ವಜನಿಕ ಸಂಸ್ಥೆಯ ಹಣವನ್ನು ಖಾಸಗಿಯವರ ರಕ್ಷಣೆಗೆ ಬಳಸಬಹುದೇ ಎಂಬ ಪ್ರಶ್ನೆಯು ಅವರ ಅಧಿಕಾರಾವಧಿಯ ಮೊದಲ ವರ್ಷದಲ್ಲಿಯೇ ದೇಶದ ಮುಂದೆ ಬಂದಿತು. 1957ರ ಜೂನ್‌ನಲ್ಲಿ ಜೀವ ವಿಮಾ ನಿಗಮವು ಹರಿದಾಸ್ ಮುಂಧ್ರಾ ಎಂಬ ಉದ್ಯಮಿಗೆ ಸಂಬಂಧಿಸಿದ ಕಂಪನಿಗಳ ಷೇರುಗಳನ್ನು ಸುಮಾರು 1.25 ಕೋಟಿ ರೂಪಾಯಿಗಳಿಗೆ ಖರೀದಿಸಿತ್ತು. ಕಲ್ಕತ್ತಾ ಷೇರುಪೇಟೆಯು ಕುಸಿಯದಂತೆ ತಡೆಯುವುದೇ ಉದ್ದೇಶವಾಗಿತ್ತೆಂದು ಸಮರ್ಥನೆ ನೀಡಲಾಯಿತು. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಆಯೋಗವು 1958ರಲ್ಲಿ ಬಹಿರಂಗ ವಿಚಾರಣೆ ನಡೆಸಿ ಈ ಸಮರ್ಥನೆಯನ್ನು ಒಪ್ಪಲಿಲ್ಲ. ಅಯ್ಯಂಗಾರ್ ಅವರೂ ಆಯೋಗದ ಮುಂದೆ ಸಾಕ್ಷ್ಯ ನೀಡಿದರು. ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಅವರು ಫೆಬ್ರವರಿಯಲ್ಲಿ ರಾಜೀನಾಮೆ ಸಲ್ಲಿಸಿದರು.

ಆಗಿನ ಮೈಸೂರು ರಾಜ್ಯಕ್ಕೆ ಸಂಬಂಧಿಸಿದ ಒಂದು ಬದಲಾವಣೆಯನ್ನೂ ಇಲ್ಲಿ ಉಲ್ಲೇಖಿಸುವುದು ಅವಶ್ಯಕ. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1913ರಲ್ಲಿ ಸ್ಥಾಪಿತವಾದ ಮೈಸೂರು ಬ್ಯಾಂಕ್, ಶಿವಮೊಗ್ಗ ಜಿಲ್ಲೆಯೂ ಸೇರಿದಂತೆ ಹಳೆಯ ಮೈಸೂರು ಸೀಮೆಯ ಜನರಿಗೆ ಚಿರಪರಿಚಿತವಾಗಿತ್ತು. ಅದು ಸ್ಥಾಪನೆಯಾದ ವರ್ಷದಲ್ಲಿಯೇ ಲಾಹೋರಿನ ಪೀಪಲ್ಸ್ ಬ್ಯಾಂಕ್ ಮತ್ತು ಬೊಂಬಾಯಿಯ ಇಂಡಿಯನ್ ಸ್ಪೀಸಿ ಬ್ಯಾಂಕ್ ಕುಸಿದು ಉತ್ತರ ಭಾರತ ಹಾಗೂ ಬೊಂಬಾಯಿಯ ಠೇವಣಿದಾರರು ಕಂಗೆಟ್ಟಿದ್ದರು. ಸಂಸ್ಥಾನ ಸರ್ಕಾರದ ಬೆಂಬಲ ಮೈಸೂರು ಬ್ಯಾಂಕಿಗೆ ದೊಡ್ಡ ಆಸರೆಯಾಗಿತ್ತು. 1959ರ ಕಾಯಿದೆಯ ಅನ್ವಯ 1960ರಲ್ಲಿ ಅದು ಸ್ಟೇಟ್ ಬ್ಯಾಂಕಿನ ಸಹವರ್ತಿ ಬ್ಯಾಂಕಾಯಿತು. 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಪೂರ್ಣವಾಗಿ ವಿಲೀನವಾಯಿತು. ಎಲ್ಲ ಬ್ಯಾಂಕುಗಳಿಗೂ ಇಂತಹ ಆಸರೆ ಇರಲಿಲ್ಲ.

ಬ್ಯಾಂಕ್ ಏಕೆ ಕುಸಿಯುತ್ತದೆ ಎಂಬುದನ್ನು ತಿಳಿಯದೆ ಮುಂದಿನ ಘಟನೆಗಳು ಅರ್ಥವಾಗುವುದಿಲ್ಲ. ಶಿರಾಳಕೊಪ್ಪದ ವರ್ತಕರು ಬ್ಯಾಂಕಿನಲ್ಲಿ ಇಟ್ಟ ಹಣವು ಬ್ಯಾಂಕಿನ ಪಾಲಿಗೆ ಸಾಲ. ಕೇಳಿದಾಗ ಅದನ್ನು ಹಿಂತಿರುಗಿಸಬೇಕು. ಆನವಟ್ಟಿಯ ಅಕ್ಕಿ ಗಿರಣಿಗೆ ಬ್ಯಾಂಕ್ ಕೊಟ್ಟ ಮುಂಗಡವು ಅದರ ಆಸ್ತಿ. ಅದು ಫಸಲು ಬಂದು, ಮಾರಾಟವಾಗಿ, ಕಂತು ಕಂತಾಗಿ ಮರಳಬೇಕು. ಕೊಡಬೇಕಾದುದು ಇಂದೇ, ಬರಬೇಕಾದುದು ನಾಳೆ. ಈ ಅಂತರವನ್ನು ತುಂಬಲು ಬ್ಯಾಂಕ್ ಸ್ವಲ್ಪ ನಗದನ್ನು ಮಾತ್ರ ಕೈಯಲ್ಲಿ ಇರಿಸಿಕೊಂಡಿರುತ್ತದೆ. ಎಲ್ಲ ಠೇವಣಿದಾರರೂ ಒಮ್ಮೆಲೇ ಬಂದರೆ ಒಳ್ಳೆಯ ಬ್ಯಾಂಕಿಗೂ ಕಷ್ಟವಾಗುತ್ತದೆ. ಮುಂಗಡವೇ ಮುಳುಗಿಹೋಗಿದ್ದರೆ ಅದು ಬೇರೆಯದೇ ಕಾಯಿಲೆ. ಮೊದಲನೆಯದಕ್ಕೆ ರಿಸರ್ವ್ ಬ್ಯಾಂಕ್ ತಾತ್ಕಾಲಿಕ ಸಾಲ ನೀಡಿದರೆ ಸಾಕು. ಎರಡನೆಯದಕ್ಕೆ ಎಷ್ಟು ಸಾಲ ನೀಡಿದರೂ ನಷ್ಟವೇ ಹೆಚ್ಚುತ್ತದೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ರೀತಿ ಕಾಣುವುದರಿಂದ ನಿಯಂತ್ರಕರ ಕೆಲಸವು ಕಠಿಣವಾಗುತ್ತದೆ.

1949ರ ಬ್ಯಾಂಕಿಂಗ್ ಕಂಪನಿಗಳ ಕಾಯಿದೆಯು ಪರವಾನಗಿ ನೀಡುವ, ತಪಾಸಣೆ ನಡೆಸುವ ಮತ್ತು ಅಗತ್ಯವಿದ್ದಲ್ಲಿ ಬ್ಯಾಂಕನ್ನು ಮುಚ್ಚುವಂತೆ ಉಚ್ಚ ನ್ಯಾಯಾಲಯವನ್ನು ಕೋರುವ ಅಧಿಕಾರವನ್ನು ರಿಸರ್ವ್ ಬ್ಯಾಂಕಿಗೆ ನೀಡಿತ್ತು. ಆದರೆ ಬ್ಯಾಂಕ್ ಮುಚ್ಚಿದರೆ ಠೇವಣಿದಾರರಿಗೆ ಇದ್ದ ರಕ್ಷಣೆ ಅತ್ಯಲ್ಪ. 1953ರ ತಿದ್ದುಪಡಿಯಂತೆ ಸಮಾಪನೆಯಲ್ಲಿ ಆದ್ಯತೆಯ ಮೇಲೆ ದೊರೆಯುತ್ತಿದ್ದುದು 250 ರೂಪಾಯಿಗಳವರೆಗೆ ಮಾತ್ರ. ಉಳಿದ ಹಣಕ್ಕೆ ಆಸ್ತಿಗಳ ವಸೂಲಾತಿಯವರೆಗೆ ಕಾಯಬೇಕಾಗಿತ್ತು. ಬಂಗಾಳದ ಬ್ಯಾಂಕುಗಳು ಕುಸಿದ ನಂತರ 1948ರಲ್ಲಿಯೇ ಠೇವಣಿ ವಿಮೆಯ ವಿಚಾರವು ಪ್ರಸ್ತಾಪವಾಗಿತ್ತು. ತಪಾಸಣಾ ವ್ಯವಸ್ಥೆಯು ಮೊದಲು ಗಟ್ಟಿಯಾಗಲಿ ಎಂಬ ಕಾರಣದಿಂದ ಅದನ್ನು ಮುಂದೂಡಲಾಯಿತು. 1950ರಲ್ಲಿ ಗ್ರಾಮೀಣ ಬ್ಯಾಂಕಿಂಗ್ ವಿಚಾರಣಾ ಸಮಿತಿಯು ಬೆಂಬಲಿಸಿತು. ಆದರೂ ಕಡತವು ಹತ್ತು ವರ್ಷಗಳವರೆಗೆ ಮುಂದುವರಿಯಲಿಲ್ಲ.

ಪಾಲೈ ಸೆಂಟ್ರಲ್ ಬ್ಯಾಂಕ್ 1927ರಲ್ಲಿ ತಿರುವಾಂಕೂರಿನ ಪಾಲೈ ಎಂಬಲ್ಲಿ ಸ್ಥಾಪಿತವಾಗಿತ್ತು. ಅದು ಕೇರಳದ ಅತಿ ದೊಡ್ಡ ಬ್ಯಾಂಕ್. ದೇಶದ 94 ಅನುಸೂಚಿತ ಬ್ಯಾಂಕುಗಳಲ್ಲಿ 17ನೆಯ ಸ್ಥಾನದಲ್ಲಿತ್ತು. ರಬ್ಬರ್ ಬೆಳೆಗಾರರು, ವರ್ತಕರು, ಸಂಬಳದಾರರು ಅದರಲ್ಲಿ ಹಣ ಇಟ್ಟಿದ್ದರು. ಅದರ ಮುಂಗಡಗಳಲ್ಲಿ ದೊಡ್ಡ ಭಾಗವು ವಸೂಲಾಗುವಂತಿಲ್ಲ ಎಂಬುದನ್ನು ರಿಸರ್ವ್ ಬ್ಯಾಂಕಿನ ತಪಾಸಣೆಗಳು ಹಲವು ವರ್ಷಗಳಿಂದ ಎತ್ತಿ ತೋರಿಸುತ್ತಿದ್ದವು. ಸುಧಾರಣೆಗೆ ಅವಕಾಶ ನೀಡಿ ಕಾಯಲಾಯಿತು. 1960ರ ಆಗಸ್ಟ್ 8ರಂದು ರಿಸರ್ವ್ ಬ್ಯಾಂಕ್ ಕೇರಳ ಉಚ್ಚ ನ್ಯಾಯಾಲಯದಲ್ಲಿ ಸಮಾಪನೆಗಾಗಿ ಅರ್ಜಿ ಸಲ್ಲಿಸಿತು. ಬ್ಯಾಂಕಿನ ಬಾಗಿಲು ಮುಚ್ಚಿತು.

ಇದರ ಪರಿಣಾಮವು ಒಂದು ಬ್ಯಾಂಕಿಗೆ ಸೀಮಿತವಾಗಲಿಲ್ಲ. ಕೇರಳದ ಇತರ ಬ್ಯಾಂಕುಗಳ ಮುಂದೆಯೂ ಠೇವಣಿ ಹಿಂತೆಗೆಯಲು ಜನರು ಸಾಲುಗಟ್ಟಿದರು. ಇಷ್ಟು ದೊಡ್ಡ ಬ್ಯಾಂಕನ್ನು ಸರ್ಕಾರವು ಕೈಬಿಡಬಾರದಿತ್ತು, ಹಣ ನೀಡಿ ಉಳಿಸಬೇಕಿತ್ತು ಎಂದು ಒಂದು ಪಕ್ಷವು ವಾದಿಸಿತು. ದೋಷಗಳು ತಿಳಿದಿದ್ದರೂ ಇಷ್ಟು ವರ್ಷ ಏಕೆ ಸುಮ್ಮನಿದ್ದಿರಿ, ಆ ಅವಧಿಯಲ್ಲಿ ಹೊಸದಾಗಿ ಠೇವಣಿ ಇಟ್ಟವರ ತಪ್ಪೇನು ಎಂದು ಮತ್ತೊಂದು ಪಕ್ಷವು ಕೇಳಿತು. ಹಣಕಾಸು ಸಚಿವ ಮೊರಾರ್ಜಿ ದೇಸಾಯಿ ಅವರು ಸಂಸತ್ತಿನಲ್ಲಿ ರಿಸರ್ವ್ ಬ್ಯಾಂಕಿನ ಕ್ರಮವನ್ನು ಸಮರ್ಥಿಸಿಕೊಂಡರು. ರಿಸರ್ವ್ ಬ್ಯಾಂಕಿಗೆ ಇಂತಹ ಅಧಿಕಾರ ನೀಡಿದ್ದ ಕಾಯಿದೆಯ ಸಿಂಧುತ್ವವನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಲಾಯಿತು; 1962ರಲ್ಲಿ ನ್ಯಾಯಾಲಯವು ಬಹುಮತದ ತೀರ್ಪಿನಿಂದ ಅದನ್ನು ಎತ್ತಿಹಿಡಿಯಿತು.

ಈ ಎರಡು ಆಕ್ಷೇಪಣೆಗಳ ಪೈಕಿ ಎರಡನೆಯದು ಹೆಚ್ಚು ತೂಕದ್ದು ಎಂದು ಹೇಳಬೇಕಾಗುತ್ತದೆ. ಮುಳುಗಿದ ಮುಂಗಡಗಳನ್ನು ಸಾರ್ವಜನಿಕ ಹಣದಿಂದ ತುಂಬಿಕೊಟ್ಟಿದ್ದರೆ ಅಜಾಗರೂಕತೆಯಿಂದ ಸಾಲ ನೀಡಿದವರು ಹಾಗೂ ಪಡೆದವರು ಪಾರಾಗುತ್ತಿದ್ದರು. ಆದರೆ ತಪಾಸಣಾ ವರದಿಗಳು ಗೌಪ್ಯವಾಗಿದ್ದವು. ಪಾಲೈನ ಸಾಮಾನ್ಯ ಠೇವಣಿದಾರನಿಗೆ ತನ್ನ ಬ್ಯಾಂಕಿನ ಸ್ಥಿತಿಯನ್ನು ಅರಿಯುವ ಯಾವ ಮಾರ್ಗವೂ ಇರಲಿಲ್ಲ. ಅವನ ಮಟ್ಟಿಗೆ ಅನುಸೂಚಿತ ಬ್ಯಾಂಕ್ ಎಂಬ ಬೋರ್ಡು, ಇಷ್ಟೇ ಭರವಸೆ. ಆ ಬ್ಯಾಂಕಿನ ಸಮಾಪನೆಯು ದಶಕಗಳ ಕಾಲ ಎಳೆಯಿತು. ಅದೇ ವರ್ಷ ಲಕ್ಷ್ಮಿ ಬ್ಯಾಂಕ್ ಕೂಡ ಕುಸಿಯಿತು.

ಅಯ್ಯಂಗಾರ್ ಅವರ ಅವಧಿಯ ಮುಂದಿನ ಹದಿನೆಂಟು ತಿಂಗಳುಗಳಲ್ಲಿ ಎರಡು ಮಹತ್ವದ ಕ್ರಮಗಳು ಜಾರಿಗೆ ಬಂದವು. 1960ರ ಸೆಪ್ಟೆಂಬರಿನಲ್ಲಿ, ಎಂದರೆ ಪಾಲೈ ಬ್ಯಾಂಕ್ ಮುಚ್ಚಿದ ಸುಮಾರು ಆರು ವಾರಗಳಲ್ಲಿ, ಕಾಯಿದೆಯ 45ನೆಯ ಪ್ರಕರಣವನ್ನು ತಿದ್ದುಪಡಿ ಮಾಡಲಾಯಿತು. ಇದರಂತೆ ರಿಸರ್ವ್ ಬ್ಯಾಂಕಿನ ಕೋರಿಕೆಯ ಮೇರೆಗೆ ಕೇಂದ್ರ ಸರ್ಕಾರವು ದುರ್ಬಲ ಬ್ಯಾಂಕಿನ ವ್ಯವಹಾರಗಳನ್ನು ನಿರ್ದಿಷ್ಟ ಅವಧಿಗೆ ಸ್ಥಗಿತಗೊಳಿಸಬಹುದು. ಆ ಅವಧಿಯಲ್ಲಿ ಅದನ್ನು ಪುನರ್ರಚಿಸುವ ಅಥವಾ ಸದೃಢವಾದ ಮತ್ತೊಂದು ಬ್ಯಾಂಕಿನಲ್ಲಿ ವಿಲೀನಗೊಳಿಸುವ ಯೋಜನೆಯನ್ನು ರಿಸರ್ವ್ ಬ್ಯಾಂಕ್ ಸಿದ್ಧಪಡಿಸುತ್ತದೆ. ಉಳಿಸುವುದು ಅಥವಾ ಮುಚ್ಚುವುದು ಎಂಬ ಎರಡೇ ದಾರಿಗಳಿದ್ದ ಕಡೆ ಮೂರನೆಯ ದಾರಿಯೊಂದು ತೆರೆಯಿತು. ಬ್ಯಾಂಕಿನ ಹೆಸರು ಹೋಗುತ್ತದೆ, ಪಾಲುದಾರರು ನಷ್ಟ ಹೊರಬೇಕಾಗಬಹುದು, ಆದರೆ ಠೇವಣಿದಾರನ ಖಾತೆ ಮುಂದುವರಿಯುತ್ತದೆ. ದೇಶದಲ್ಲಿ 1951ರಲ್ಲಿ 566 ಇದ್ದ ವಾಣಿಜ್ಯ ಬ್ಯಾಂಕುಗಳ ಸಂಖ್ಯೆ ವಿಲೀನ ಹಾಗೂ ಮುಚ್ಚುಗಡೆಗಳಿಂದ 1969ರ ವೇಳೆಗೆ 89ಕ್ಕೆ ಇಳಿಯಿತು. ನಮ್ಮ ರಾಜ್ಯದಲ್ಲಿಯೂ ಶೃಂಗೇರಿ ಶಾರದಾ ಬ್ಯಾಂಕ್, ಚಿತ್ರದುರ್ಗ ಬ್ಯಾಂಕ್ ಮತ್ತು ಬ್ಯಾಂಕ್ ಆಫ್ ಕರ್ನಾಟಕ ಸಂಸ್ಥೆಗಳು 1960ರ ದಶಕದಲ್ಲಿ ಕರ್ಣಾಟಕ ಬ್ಯಾಂಕಿನಲ್ಲಿ ವಿಲೀನವಾದವು. ಇದೇ 45ನೆಯ ಪ್ರಕರಣವನ್ನು ಬಳಸಿ 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕನ್ನು ಸ್ಟೇಟ್ ಬ್ಯಾಂಕಿನ ಬಂಡವಾಳದಿಂದ ಪುನರ್ರಚಿಸಲಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಲಕ್ಷ್ಮಿ ವಿಲಾಸ ಬ್ಯಾಂಕನ್ನು ಡಿಬಿಎಸ್ ಬ್ಯಾಂಕಿನಲ್ಲಿ ವಿಲೀನಗೊಳಿಸಲಾಯಿತು.

ಎರಡನೆಯ ಕ್ರಮವೇ ಠೇವಣಿ ವಿಮೆ. ಅಮೆರಿಕ ಸಂಯುಕ್ತ ಸಂಸ್ಥಾನವು 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಸಾವಿರಾರು ಬ್ಯಾಂಕುಗಳು ಮುಚ್ಚಿದ ನಂತರ, 1933ರಲ್ಲಿ ಇಂತಹ ವ್ಯವಸ್ಥೆಯನ್ನು ಕಾನೂನಿನ ಮೂಲಕ ತಂದಿತ್ತು. ಭಾರತದಲ್ಲಿ ಠೇವಣಿ ವಿಮಾ ನಿಗಮದ ಮಸೂದೆಯು 1961ರ ಆಗಸ್ಟ್ 21ರಂದು ಸಂಸತ್ತಿನಲ್ಲಿ ಮಂಡನೆಯಾಗಿ, ಡಿಸೆಂಬರ್ 7ರಂದು ರಾಷ್ಟ್ರಪತಿಗಳ ಅಂಕಿತ ಪಡೆದು, 1962ರ ಜನವರಿ 1ರಂದು ಜಾರಿಗೆ ಬಂದಿತು. ನಿಗಮದ ಬಂಡವಾಳವಾದ ಒಂದು ಕೋಟಿ ರೂಪಾಯಿಯನ್ನು ರಿಸರ್ವ್ ಬ್ಯಾಂಕೇ ಭರಿಸಿತು. ಮೊದಲಿಗೆ 287 ಬ್ಯಾಂಕುಗಳು ವಿಮೆಗೆ ಒಳಪಟ್ಟವು. ಪ್ರತಿ ನೂರು ರೂಪಾಯಿ ಠೇವಣಿಗೆ ವರ್ಷಕ್ಕೆ 5 ಪೈಸೆಯಂತೆ ಬ್ಯಾಂಕುಗಳು ಕಂತು ಪಾವತಿಸಬೇಕಾಗಿತ್ತು.

ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ದೊರೆಯುತ್ತಿದ್ದ ರಕ್ಷಣೆ 1,500 ರೂಪಾಯಿ. ಈ ಮಿತಿಯನ್ನು ಕಡಿಮೆಯೆಂದು ತಳ್ಳಿಹಾಕುವಂತಿಲ್ಲ. ಆಗಿನ ಖಾತೆಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಖಾತೆಗಳು ಈ ಮಿತಿಯೊಳಗೇ ಇದ್ದವು. ಹಣದ ಲೆಕ್ಕದಲ್ಲಿ ಮಾತ್ರ ರಕ್ಷಣೆಯು ಒಟ್ಟು ಠೇವಣಿಯ ಕಾಲು ಭಾಗವನ್ನೂ ಮುಟ್ಟುತ್ತಿರಲಿಲ್ಲ. ಸಣ್ಣವರಿಗೆ ಪೂರ್ಣ ರಕ್ಷಣೆ, ದೊಡ್ಡವರಿಗೆ ಭಾಗಶಃ ಎಂಬುದೇ ಅದರ ರಚನೆ. ಪಾಲೈ ಬ್ಯಾಂಕಿನ ಠೇವಣಿದಾರರಿಗೆ ಮಾತ್ರ ಈ ವಿಮೆ ದೊರೆಯಲಿಲ್ಲ. ಅವರ ಬ್ಯಾಂಕ್ ಮುಚ್ಚಿ ಆಗಲೇ ಹದಿನಾರು ತಿಂಗಳು ಕಳೆದಿತ್ತು.

ನಿಗಮವು ಕಾರ್ಯಾರಂಭ ಮಾಡಿದ ಎರಡು ತಿಂಗಳಲ್ಲಿ ಅಯ್ಯಂಗಾರ್ ಅವರು ನಿವೃತ್ತರಾದರು. 1962ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮವಿಭೂಷಣ ಪ್ರಶಸ್ತಿಯನ್ನು ನೀಡಿ ಗೌರವಿಸಿತು. ತರುವಾಯ ಅವರು ಮದರಾಸಿನ ಪ್ಯಾರಿ ಕಂಪನಿಯ ಅಧ್ಯಕ್ಷರಾಗಿದ್ದರು. ಸಾರ್ವಜನಿಕ ವಿಷಯಗಳ ಬಗ್ಗೆ ಲೇಖನಗಳನ್ನೂ ಬರೆದರು. 1978ರ ಫೆಬ್ರವರಿ 22ರಂದು ನಿಧನ ಹೊಂದಿದರು. ಅದೇ ವರ್ಷದ ಜುಲೈ 15ರಂದು ಠೇವಣಿ ವಿಮಾ ನಿಗಮವು ಸಾಲ ಖಾತರಿ ನಿಗಮದೊಂದಿಗೆ ಸೇರಿ, ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮ ಎಂಬ ಹೆಸರನ್ನು ಪಡೆಯಿತು.

ವಿಮೆಯ ಮಿತಿಯು ಹಂತಹಂತವಾಗಿ ಏರಿ 1993ರಲ್ಲಿ ಒಂದು ಲಕ್ಷ ರೂಪಾಯಿಯಾಯಿತು. 2020ರ ಫೆಬ್ರವರಿ 4ರಿಂದ ಅಸಲು ಮತ್ತು ಬಡ್ಡಿ ಸೇರಿ ಐದು ಲಕ್ಷ ರೂಪಾಯಿಗಳಿಗೆ ಏರಿತು. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ನಿರ್ಬಂಧ ವಿಧಿಸಿದಾಗ ಠೇವಣಿದಾರರು ಮೊದಲಿಗೆ 35,000 ರೂಪಾಯಿ ಮಾತ್ರ ಹಿಂಪಡೆಯಬಹುದಾಗಿತ್ತು. ಬ್ಯಾಂಕ್ ಪೂರ್ಣವಾಗಿ ಮುಚ್ಚುವವರೆಗೂ ವಿಮಾ ಹಣ ಬಾರದಿದ್ದುದು ಹಳೆಯ ಕಾಯಿದೆಯ ದೊಡ್ಡ ಕೊರತೆ. 2021ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಹಣ ಹಿಂಪಡೆಯುವುದರ ಮೇಲೆ ನಿರ್ಬಂಧ ವಿಧಿಸಿದ 90 ದಿನಗಳೊಳಗೆ ವಿಮಾ ಮೊತ್ತವನ್ನು ಪಾವತಿಸಬೇಕು. ಸದರಿ ಬ್ಯಾಂಕಿನ ಠೇವಣಿದಾರರಿಗೂ ಈ ತಿದ್ದುಪಡಿಯ ನಂತರವೇ ವಿಮಾ ಹಣ ಸಂದಾಯವಾಯಿತು.

ವಿಮೆಗಾಗಿ ನಾಗರಿಕರು ಪ್ರತ್ಯೇಕ ಅರ್ಜಿ ಸಲ್ಲಿಸುವ ಅಥವಾ ಶುಲ್ಕ ಪಾವತಿಸುವ ಅಗತ್ಯವಿಲ್ಲ. ಕಂತನ್ನು ಬ್ಯಾಂಕೇ ಭರಿಸುತ್ತದೆ. ಒಬ್ಬರೇ ವ್ಯಕ್ತಿಯು ಒಂದೇ ಬ್ಯಾಂಕಿನ ಶಿಕಾರಿಪುರ ಶಾಖೆಯಲ್ಲಿಯೂ ಸೊರಬ ಶಾಖೆಯಲ್ಲಿಯೂ ತಮ್ಮ ಹೆಸರಿನಲ್ಲಿ ಠೇವಣಿ ಇರಿಸಿದ್ದಲ್ಲಿ ಎರಡನ್ನೂ ಕೂಡಿಸಿ ಒಂದೇ ಮಿತಿಯನ್ನು ಅನ್ವಯಿಸಲಾಗುತ್ತದೆ. ಬೇರೆ ಬೇರೆ ಬ್ಯಾಂಕುಗಳಾಗಿದ್ದಲ್ಲಿ ಮಿತಿಯು ಪ್ರತ್ಯೇಕ. ಸಹಕಾರಿ ಬ್ಯಾಂಕುಗಳಿಗೆ ವಿಮೆಯನ್ನು ವಿಸ್ತರಿಸಲು 1968ರಲ್ಲಿ ಕಾಯಿದೆಯನ್ನು ತಿದ್ದುಪಡಿ ಮಾಡಲಾಯಿತು. ಆದರೆ ಗ್ರಾಮಗಳಲ್ಲಿರುವ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಇರಿಸಿದ ಠೇವಣಿಗಳು ಈ ವಿಮೆಯ ವ್ಯಾಪ್ತಿಗೆ ಬರುವುದಿಲ್ಲ. ವಿಮೆಗೆ ಒಳಪಟ್ಟ ಬ್ಯಾಂಕುಗಳ ಪಟ್ಟಿಯು ನಿಗಮದ ವೆಬ್‌ಸೈಟಿನಲ್ಲಿ ಲಭ್ಯವಿದ್ದು, ಠೇವಣಿ ಇರಿಸುವ ಮುನ್ನ ಶಾಖೆಯಲ್ಲಿಯೂ ಈ ಬಗ್ಗೆ ವಿಚಾರಿಸಬಹುದಾಗಿದೆ.